ಡೊಮೇನ್ ಯಾರ ಹೆಸರಲ್ಲಿ ಉಂಟು?

ಮಾಟುಂಗಾ ಸ್ಟೇಷನ್ನಿನ ಪೂರ್ವದ ಮೆಟ್ಟಿಲು ಇಳಿದು ಬನ್ನಿ. ಬೆಳಗಿನ ಏಳು ಗಂಟೆ. ಹೂವಿನವರು ದಂಡೆಗಳ ಮೇಲೆ ನೀರು ಚಿಮುಕಿಸುತ್ತಿದ್ದಾರೆ, ಕೈಗಾಡಿಯಿಂದ ಬಾಳೆಲೆಯ ಕಟ್ಟುಗಳು ಇಳಿಯುತ್ತಿವೆ. 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು ಈ ಸ್ಟೇಷನ್ನಿನ ಮಗ್ಗುಲಲ್ಲೇ. ಅತ್ತ ಭಾವುದಾಜಿ ರಸ್ತೆಯಲ್ಲಿ, 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ನಾವು ಹೋಗುತ್ತಿರುವುದು ಇವೆರಡರ ನಡುವೆ ಎಲ್ಲೋ ಒಂದು ಗಲ್ಲಿಯಲ್ಲಿರುವ, ಹದಿನಾರು ಟೇಬಲಿನ ಸಣ್ಣ ಹೋಟೆಲಿಗೆ. ಜೊತೆಗೆ ಅಂಧೇರಿಯ ಒಂದು ಪುಟ್ಟ ವೆಬ್ ಏಜೆನ್ಸಿಯ ಇಬ್ಬರಿದ್ದಾರೆ. ಕ್ಯಾಮೆರಾ ಹೊತ್ತವನು ನಾಸಿಕ್ ಕಡೆಯ ಹುಡುಗ. ಲ್ಯಾಪ್‌ಟಾಪಿನವಳು ಡೊಂಬಿವಲಿಯಲ್ಲಿ ಬೆಳೆದವಳು. ಅವಳ ಮನೆಯವರು ಕುಂದಾಪುರದ ಕಡೆಯವರು.

ಒಳಗೆ ಕಾಲಿಟ್ಟ ಕೂಡಲೇ ಕಾವಲಿಯ ಬಿಸಿ ಮುಖಕ್ಕೆ ಬಡಿಯುತ್ತದೆ. ಬಾಗಿಲ ಬದಿಯಲ್ಲಿ ಡೆಲಿವರಿ ಹುಡುಗರು ಪಾರ್ಸೆಲಿಗೆ ಕಾಯುತ್ತಿದ್ದಾರೆ. ಗಲ್ಲಾದಲ್ಲಿ ಕೂತ ಶೆಟ್ಟರು ಕೈ ಎತ್ತಿ, "ಫೋಟೋ ಆಮೇಲೆ. ಮೊದಲು ಕಾಪಿ ಕುಡೀರಿ" ಅನ್ನುತ್ತಾರೆ.

ಲೋಟ ಬಾಯಿಗೆ ಹೋಗುವ ಮೊದಲೇ ಅವಳ ಪ್ರಶ್ನೆ: "ಶೆಟ್ರೇ, ನಿಮ್ಮ ಡೊಮೇನ್ ಯಾರ ಹೆಸರಲ್ಲಿ ಉಂಟು?"

"ಹೋಟೆಲಿನ ಹೆಸರಲ್ಲೇ ಅಲ್ವಾ ಮಗಾ? ಬೋರ್ಡಿನಲ್ಲಿದ್ದ ಹಾಗೆಯೇ ಉಂಟಲ್ಲ."

"ಹೆಸರು ನಿಮ್ಮದೇ. ಆ ಹೆಸರಿನ ಖಾತೆ ಯಾರದ್ದು? ಪಾಸ್‌ವರ್ಡ್ ಯಾರ ಹತ್ರ ಉಂಟು?"

ಶೆಟ್ಟರು ಡ್ರಾಯರಿನಿಂದ ಒಂದು ಫೈಲು ತೆಗೆಯುತ್ತಾರೆ. ವರ್ಷಕ್ಕೊಂದರಂತೆ ಬಿಲ್ಲುಗಳು: ಡೊಮೇನ್, ಹೋಸ್ಟಿಂಗ್, ಮೇಂಟೆನೆನ್ಸ್, ಎಲ್ಲ ಸೇರಿ ಒಂದೇ ಮೊತ್ತ. ಹಣ ತಪ್ಪದೆ ಹೋಗಿದೆ. ಆದರೆ ಹಿಂದಿನ ಏಜೆನ್ಸಿ ಎಲ್ಲವನ್ನೂ ತನ್ನ ಖಾತೆಯಲ್ಲೇ ಇಟ್ಟುಕೊಂಡಿತ್ತು, ಈಗ ಅವರು ಫೋನ್ ಎತ್ತುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಹೋಟೆಲಿನ ಪ್ರೊಫೈಲಿಗೂ ಯಾರದೋ ಜೀಮೇಲ್ ವಿಳಾಸವೇ ಧಣಿ. ಅಲ್ಲಿ 'ಸೋಮವಾರ ರಜೆ' ಎಂದಿದೆ. ಹೋಟೆಲು ಸೋಮವಾರ ಮುಚ್ಚುವುದಿಲ್ಲ. ಎಷ್ಟು ಸೋಮವಾರಗಳ ಗಿರಾಕಿಗಳು ಮನೆಯಿಂದಲೇ ಬೇರೆ ಕಡೆ ತಿರುಗಿದರೋ, ಲೆಕ್ಕ ಇಟ್ಟವರಿಲ್ಲ.

ವೆಬ್‌ಸೈಟಿನ ಚೆಂದವನ್ನು ಎಷ್ಟಾದರೂ ಚರ್ಚಿಸಬಹುದು, ಆದರೆ ಏಜೆನ್ಸಿಯ ಯೋಗ್ಯತೆ ತಿಳಿಯುವುದು ಈ ಪ್ರಶ್ನೆಯಲ್ಲಿ. ಕೀಲಿಕೈ ಗಿರಾಕಿಯ ಕೈಯಲ್ಲಿರಬೇಕು. ಅಂಗಡಿಗೆ ಬಣ್ಣ ಹೊಡೆಯಲು ಬಂದವನು ಹೋಗುವಾಗ ಅಂಗಡಿಯ ಪತ್ರವನ್ನು ಒಯ್ದರೆ ಯಾರೂ ಸುಮ್ಮನಿರುವುದಿಲ್ಲ. ಡೊಮೇನ್ ವಿಷಯದಲ್ಲಿ ಮಾತ್ರ ನಮ್ಮ ಹೋಟೆಲಿನವರು, ಸಂಘದವರು, ಸಹಕಾರಿ ಬ್ಯಾಂಕಿನವರು ವರ್ಷಗಟ್ಟಲೆ ಸುಮ್ಮನಿರುತ್ತಾರೆ, ಏಕೆಂದರೆ ಪತ್ರ ಹೋದದ್ದು ಕಣ್ಣಿಗೆ ಕಾಣುವುದಿಲ್ಲ.

ಕಾಪಿ ಮುಗಿಯಿತು. ಈಗ ವಿಡಿಯೋ. ಪ್ರೊಫೈಲಿನ ಹಕ್ಕು ಕೇಳಿದವರಿಗೆ ಗೂಗಲ್ ಬಹಳ ಸಲ ಇದನ್ನೇ ಕೇಳುತ್ತದೆ: ಎಲ್ಲೂ ಕತ್ತರಿಸದ ಒಂದೇ ಓಟದ ವಿಡಿಯೋ. ಶೆಟ್ಟರ ಹಿಂದೆಯೇ ನಡೆಯಿರಿ. ಫೋನ್ ಮೊದಲು ರಸ್ತೆಯ ಫಲಕ ತೋರಿಸುತ್ತದೆ, ಪಕ್ಕದ ಅಂಗಡಿ, ಹೋಟೆಲಿನ ಬೋರ್ಡು, ಮತ್ತೆ ಒಳಗೆ. ಧಣಿಯಲ್ಲದವನು ಹೋಗಲಾರದ ಜಾಗವನ್ನೂ ತೋರಿಸಬೇಕು, ಅದಕ್ಕೆ ಅಡಿಗೆಮನೆಯ ಹಿಂದಿನ ಉಗ್ರಾಣದ ಬೀಗ ತೆಗೆಯುತ್ತಾರೆ. ಅಕ್ಕಿಮೂಟೆ, ತೆಂಗಿನಕಾಯಿ, ಉದ್ದಿನ ಡಬ್ಬಿ. ಕೊನೆಗೆ ಗಲ್ಲಾದ ಡ್ರಾಯರು ತೆರೆದು ಮುಚ್ಚುತ್ತದೆ. "ನನ್ನದೇ ಹೋಟೆಲು ನನ್ನದು ಅಂತ ತೋರಿಸಬೇಕಾಯ್ತಲ್ಲ" ಎನ್ನುವ ಶೆಟ್ಟರ ದನಿಯಲ್ಲಿ ಬೇಸರವಿದೆ.

ಅಷ್ಟರಲ್ಲಿ ನಾಸಿಕ್ ಹುಡುಗ ಕಿಟಕಿ ಬದಿಯ ಟೇಬಲಿಗೆ ಗೋಳಿಬಜೆಯ ತಟ್ಟೆ ಸರಿಸಿ, ಬೀಳುತ್ತಿರುವ ಬೆಳಕಿನಲ್ಲೇ ಚಿತ್ರ ತೆಗೆದಿದ್ದಾನೆ. ಕೊಂಡುತಂದ ಸ್ಟಾಕ್ ಫೋಟೋ ಬೇಡ ಎಂಬುದು ಏಜೆನ್ಸಿಯವರ ಕಟ್ಟುನಿಟ್ಟು.

ಸ್ಲೋ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋ. ಬಾಗಿಲ ಬಳಿ ಒತ್ತಿಕೊಂಡು ನಿಂತು ಅವಳ ಮೊಬೈಲ್ ನೋಡಿ: ಹೋಟೆಲಿನ ಹಳೆಯ ಸೈಟ್ ತೆರೆಯುತ್ತಿದೆ. ಬಿಳಿ ಪರದೆ. ಅಸಲ್ಫಾ ದಾಟಿತು. ಮೇಲೆ ಜಾರುವ ಐದು ದೊಡ್ಡ ಚಿತ್ರಗಳಲ್ಲಿ ಒಂದರ ಅರ್ಧ ಬಂದಿದೆ. ಫೋನ್ ನಂಬರ್ ಒತ್ತಲು ಹೋದರೆ ಅಷ್ಟರಲ್ಲಿ ಚಿತ್ರವೊಂದು ಬಂದು ಕೂತು ನಂಬರ್ ಕೆಳಗೆ ಹಾರುತ್ತದೆ, ಬೆರಳು ಬೇರೇನನ್ನೋ ಒತ್ತುತ್ತದೆ. ಈ ಎರಡು ಕಿರಿಕಿರಿಗೂ ಗೂಗಲಿನ ಅಳತೆಗೋಲಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಪುಟದ ಅಲುಗಾಟದ ಅಂಕ 0.1 ಮೀರಬಾರದು. ಮೂರನೆಯ ಅಳತೆ 2024ರ ಮಾರ್ಚಿನಲ್ಲಿ ಹಳೆಯದೊಂದರ ಬದಲು ಬಂದದ್ದು: ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯಿಸಬೇಕು.

ಸೈಟ್ ಎಲ್ಲಿಂದ ಬರುತ್ತಿದೆ ಎಂದು ಅವಳು ನೋಡಿದ್ದಾಳೆ. ಅಮೆರಿಕದ ಅಗ್ಗದ ಸರ್ವರಿನಿಂದ. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ತಲುಪಿಸಿದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಆ ಸೇವೆ ಆರಂಭಿಸಿತು. ಆ ಸಂಸ್ಥೆಯ ಕೇಂದ್ರ ಕಚೇರಿ ಇದ್ದದ್ದು ಮುಂಬಯಿಯ ಫೋರ್ಟಿನಲ್ಲಿ. ನಾವಿರುವ ಈ ಮೆಟ್ರೋ ಹೋಗಿ ನಿಲ್ಲುವ ವೆರ್ಸೋವಾದ ದಡಕ್ಕೆ ಕಡಲಡಿಯ ಕೇಬಲ್‌ಗಳು ಬಂದು ಸೇರುತ್ತವೆ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ಮುಂಬಯಿಯಲ್ಲೇ ತೆರೆದಿವೆ. ಇಷ್ಟಿದ್ದೂ ದಾದರಿನಲ್ಲಿ ಕೂತವನ ಮೊಬೈಲಿಗೆ ಮಾಟುಂಗಾದ ದೋಸೆಯ ಚಿತ್ರ ಸಮುದ್ರ ದಾಟಿ ಬರಬೇಕಾಗಿದೆ.

ಚಕಾಲಾದಲ್ಲಿ ಇಳಿಯಿರಿ. ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯ ಒಂದು ಗಾಲಾ, ಪಕ್ಕದಲ್ಲಿ ಪ್ರಿಂಟಿಂಗ್ ಮಿಷನ್ನಿನ ಸದ್ದು. ಆರು ಮೇಜು. ಹೊಸ ಸೈಟ್ ವರ್ಡ್‌ಪ್ರೆಸ್ಸಿನಲ್ಲೇ ಕಟ್ಟುತ್ತಿದ್ದಾರೆ. 2003ರಲ್ಲಿ ಬಂದ ಈ ಉಚಿತ ತಂತ್ರಾಂಶದ ಮೇಲೆ ಜಗತ್ತಿನ ಶೇಕಡಾ 40ಕ್ಕೂ ಹೆಚ್ಚು ವೆಬ್‌ಸೈಟುಗಳು ನಿಂತಿವೆ. ಅವಳು ಕೊಡುವ ಕಾರಣ ಸರಳ: "ನಾಳೆ ನಾವಿಲ್ಲದಿದ್ದರೂ ಇದನ್ನು ಬಲ್ಲವರು ನಾಲ್ಕು ಜನ ಸಿಗ್ತಾರೆ."

ಈಗ ಅವಳ ಪರದೆಯ ಹತ್ತಿರ ಬನ್ನಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಳೆಯ ಸೈಟಿನಲ್ಲಿ 'ನಮ್ಮ ಕಥೆ' ಎಂಬ ಕನ್ನಡ ಪುಟವೊಂದಿದೆ. ಶೆಟ್ಟರ ಅಜ್ಜ ಮಂಗಳೂರಿನಿಂದ ಹಡಗಿನಲ್ಲಿ ಬಂದದ್ದು, ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ್ದು, ಎಲ್ಲವನ್ನೂ ಮುಂಬಯಿಯ ಹಿರಿಯ ಕನ್ನಡ ಬರಹಗಾರರೊಬ್ಬರು ಸೊಗಸಾಗಿ ಬರೆದುಕೊಟ್ಟಿದ್ದಾರೆ. ಓದಲು ಕನ್ನಡ. ಅವಳು ಅದನ್ನು ನಕಲಿಸಿ ಬೇರೆ ಕಡೆ ಅಂಟಿಸುತ್ತಾಳೆ: ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಹಳೆಯ ಫಾಂಟಿನಲ್ಲಿ ಟೈಪಾದ ಬರಹ ಅದು. ಕಣ್ಣಿಗೆ ಕನ್ನಡ, ಯಂತ್ರಕ್ಕಲ್ಲ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಡಿಟಿಪಿಯವರ ಹಳೆಯ ಫಾಂಟುಗಳು ಹೋಗಲಿಲ್ಲ. ಅದೇ ಬರಹ ಹಾಗೇ ಸೈಟುಗಳಿಗೆ ಏರಿತು. ಅಜ್ಜನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದ ಮೊಮ್ಮಗಳಿಗೆ ಅಜ್ಜ ಸಿಗುವುದಿಲ್ಲ.

ಪರಿವರ್ತಕಕ್ಕೆ ಕೊಟ್ಟು ಕೈ ತೊಳೆದುಕೊಳ್ಳಲಾಗದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಬಳಿಕ ಬರುತ್ತದೆ, ಯುನಿಕೋಡಿನಲ್ಲಿ ಮೊದಲು. ಹಾಗಾಗಿ 'ವರ್ಷ', 'ಸೂರ್ಯ', 'ಕರ್ನಾಟಕ' ಇಂಥ ಕಡೆ ಎಡವಟ್ಟಾಗುತ್ತದೆ. ಅವಳು ಸಾಲು ಸಾಲಾಗಿ ಬೆರಳಿಟ್ಟು ಓದುತ್ತಾಳೆ. ಆಮೇಲೆ ಸಾಲುಗಳ ನಡುವಿನ ಅಂತರ ಹೆಚ್ಚಿಸುತ್ತಾಳೆ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ 'ಕೊಟ್ಟೆ ಕಡುಬು', 'ಉಪ್ಪಿಟ್ಟು' ಎಂದು ಬರೆದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಬಟನ್ನಿನೊಳಗಾದರೆ ಕತ್ತರಿಸಿಯೇ ಹೋಗುತ್ತದೆ. ಕೊನೆಗೆ ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ದಾಖಲಿಸುತ್ತಾಳೆ, ಕಣ್ಣು ಕಾಣದವರ ಫೋನ್ ಅದನ್ನು ಕನ್ನಡದ ದನಿಯಲ್ಲೇ ಓದಲೆಂದು. ಮುಂಬಯಿ ಕನ್ನಡಿಗರ ಎಷ್ಟೋ ಸ್ಮರಣ ಸಂಚಿಕೆಗಳು, ಸಂಘದ ಪತ್ರಿಕೆಗಳು ಇಂಥ ಫಾಂಟುಗಳಲ್ಲಿ ಸಿಕ್ಕಿಕೊಂಡಿವೆ. ಈ ಕೆಲಸಕ್ಕೆ ಪ್ರತ್ಯೇಕ ಹಣ ಕೇಳುವುದು ನ್ಯಾಯ, ಕೊಡುವುದು ನಮ್ಮ ಕರ್ತವ್ಯ.

ಆಚೆ ಮೇಜಿನಲ್ಲಿ ಜಾಹೀರಾತಿನ ಮಾತು. ಹೋಟೆಲಿನ ಸುತ್ತ ಮೂರು ಕಿಲೋಮೀಟರ್, ಅಂದರೆ ಸಾಯನ್, ವಡಾಲಾ, ದಾದರ್ ಇಷ್ಟಕ್ಕೇ ಗೂಗಲ್ ಜಾಹೀರಾತು. 'ರೆಸಿಪಿ', 'ವೇಕೆನ್ಸಿ' ಎಂಬ ಪದಗಳನ್ನು ಹೊರಗಿಡುತ್ತಾರೆ; ಮನೆಯಲ್ಲಿ ನೀರುದೋಸೆ ಮಾಡಹೊರಟವರು ಒತ್ತಿದರೆ ಶೆಟ್ಟರ ದುಡ್ಡು ವ್ಯರ್ಥ. ಹೊಸದಾಗಿ ಸೇರಿದ ಹುಡುಗನೊಬ್ಬ ಸಲಹೆ ಕೊಡುತ್ತಾನೆ: ಬುಕಿಂಗ್ ಪುಟದಲ್ಲಿ 'ಎರಡೇ ಟೇಬಲ್ ಉಳಿದಿವೆ' ಅಂತ ಹಾಕೋಣ, ಬೇಗ ಒತ್ತುತ್ತಾರೆ.

"ಉಳಿದದ್ದು ಎರಡೇ ಹೌದಾ?" ಎಂದು ಅವಳು ಕೇಳುತ್ತಾಳೆ. ಅಲ್ಲ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ತುರ್ತು ಆ ಪಟ್ಟಿಯಲ್ಲೇ ಇದೆ. ಕಾನೂನು ಇಲ್ಲದಿದ್ದರೂ ಅದು ಬೇಡ. ರಿವ್ಯೂ ಕೊಳ್ಳುವ ಮಾತೂ ಇಲ್ಲಿ ಏಳುವುದಿಲ್ಲ. ಬಿಲ್ಲಿನ ಜೊತೆ ಕೊಡಲು ಒಂದು ಕ್ಯೂಆರ್ ಚೀಟಿ ಮಾಡಿದ್ದಾರೆ, ತಿಂದವರು ತಮಗನಿಸಿದ್ದನ್ನು ಬರೆಯಲಿ ಎಂದು.

ಕೆಲವು ವಾರಗಳ ನಂತರದ ಮಧ್ಯಾಹ್ನ, ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಶೆಟ್ಟರು ಮಗಳೊಂದಿಗೆ ಈ ಗಾಲಾಕ್ಕೆ ಬಂದಿದ್ದಾರೆ. ಪ್ರೊಫೈಲ್ ಅವರ ಕೈಗೆ ಬಂದಿದೆ, ಸೋಮವಾರದ ರಜೆ ಅಳಿಸಿದೆ. ಹಳೆಯ ಬಿಲ್ಲುಗಳನ್ನು ಮುಂದಿಟ್ಟು ಪತ್ರದ ಮೇಲೆ ಪತ್ರ ಬರೆದ ಮೇಲೆ ಡೊಮೇನ್ ವರ್ಗಾವಣೆಯ ಕೋಡ್ ಕೂಡ ಸಿಕ್ಕಿದೆ. ಶೆಟ್ಟರ ಫೋನಿಗೆ ಒಟಿಪಿ ಬರುತ್ತದೆ, ಅವರು ಜೋರಾಗಿ ಓದಲು ಹೊರಟಾಗ ಅವಳು ತಡೆಯುತ್ತಾಳೆ: "ನಮಗೂ ಹೇಳ್ಬೇಡಿ. ನೀವೇ ಹಾಕಿ."

ಮುಂದಿನ ಪಾಠ ಮಗಳಿಗೆ. ನೀರುದೋಸೆಯ ದರ ಬದಲಿಸುವುದು, ಗಣೇಶ ಚೌತಿಗೆ ವಿಶೇಷ ತಿಂಡಿ ಸೇರಿಸುವುದು, ಜಾಹೀರಾತಿಗೆ ದಿನಕ್ಕೆ ಎಷ್ಟು ಖರ್ಚಾಯಿತೆಂದು ನೋಡುವುದು. ನಂತರ 'ಬಳಕೆದಾರರು' ಎಂಬ ಪುಟ. ಮೇಲೆ ಮಾಲೀಕರಾಗಿ ಅಪ್ಪ, ಮಗಳು. ಕೆಳಗೆ ಮ್ಯಾನೇಜರ್ ಆಗಿ ಏಜೆನ್ಸಿ.

"ನಮ್ಮ ಕೆಲಸ ಸರಿ ಬಾರದಿದ್ರೆ ಇಲ್ಲಿ ಒತ್ತಿ. ನಾವು ಹೊರಗೆ."

"ಒತ್ತಿದ್ರೆ ಸೈಟ್ ಹೋಗೋದಿಲ್ವಾ ಅಕ್ಕಾ?"

"ಒತ್ತಿ ನೋಡು."

ಮಗಳು ಅಪ್ಪನ ಮುಖ ನೋಡಿ ಒತ್ತುತ್ತಾಳೆ. ಏಜೆನ್ಸಿಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಶೆಟ್ಟರು ತಮ್ಮ ಮೊಬೈಲಿನಲ್ಲಿ ಸೈಟ್ ತೆರೆಯುತ್ತಾರೆ: ಹೋಟೆಲಿನ ಬೋರ್ಡು, ಗೋಳಿಬಜೆ, ಅಜ್ಜನ ಕಥೆ, ಎಲ್ಲ ಇದ್ದಲ್ಲೇ ಇವೆ. "ಸರಿ, ಈಗ ಅವರನ್ನು ಪುನಃ ಸೇರಿಸು," ಎನ್ನುತ್ತಾರೆ ಮಗಳಿಗೆ, "ಚೌತಿಯ ಜಾಹೀರಾತು ಇವರೇ ಮಾಡ್ಬೇಕಲ್ಲ."