ಮಾವನ ಹೆಬ್ಬೆಟ್ಟು

ಮಾವನ ಮನೆಗೆ ಹೋದ ಅಳಿಯನಿಗೆ ಮೊದಲು ಕಾಲು ತೊಳೆಯಲು ನೀರು ಕೊಡುತ್ತಾರೆ. ನನಗೆ ಕೊಡುವುದು ಫೋನು. ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಅತ್ತೆ ಎಲೆಅಡಿಕೆ ಚೀಲದಿಂದ ಅದನ್ನು ತೆಗೆದು, ‘ಅದೇನೋ ಇಂಗ್ಲೀಷ್ನಲ್ಲಿ ಬತ್ತದೆ, ವಸಿ ನೋಡಿ ಅಳಿಯಂದ್ರೆ’ ಎನ್ನುತ್ತಾರೆ. ನೋಡಿದರೆ ಶುಭೋದಯದ ಚಿತ್ರಗಳು ತುಂಬಿ ಫೋನು ಉಸಿರು ಕಟ್ಟಿಕೊಂಡಿರುತ್ತದೆ. ಅಳಿಸಲು ಹೋದರೆ, ‘ಬ್ಯಾಡಿ ಬ್ಯಾಡಿ, ಅದ್ರಲ್ಲಿ ದೇವ್ರವೆ’ ಎಂದು ಕೈ ಹಿಡಿಯುತ್ತಾರೆ. ದೇವರನ್ನು ಅಳಿಸದೆ ಫೋನನ್ನು ಬದುಕಿಸುವ ವಿದ್ಯೆ ನನಗೆ ಬರುವುದಿಲ್ಲ. ಭಾವಮೈದನ ಮನೆಯ ಮಿಕ್ಸಿ ಕೆಟ್ಟಾಗಲೂ ಕರೆ ಬಂದದ್ದು ನನಗೇ. ಕರೆಂಟಿನಿಂದ ನಡೆಯುವುದೆಲ್ಲ ಕಂಪ್ಯೂಟರು, ಕಂಪ್ಯೂಟರೆಲ್ಲ ಅಳಿಯನದು ಎಂಬುದು ಮಳವಳ್ಳಿ ಕಡೆಯ ಆ ಮನೆಯಲ್ಲಿ ಎಂದೋ ಆಗಿಹೋದ ತೀರ್ಮಾನ.

ನಾನು ಹೈಸ್ಕೂಲ್ ಮೇಷ್ಟ್ರು. ಕಂಪ್ಯೂಟರು ನನಗೆ ಹುಚ್ಚು. ಜನ ಗುಜರಿಗೆ ಹಾಕಿದ ಪೆಟ್ಟಿಗೆಗಳನ್ನು ತಂದು, ಒಂದರ ಮೆಮೊರಿ ಇನ್ನೊಂದಕ್ಕೆ ಸಿಕ್ಕಿಸಿ, ಲಿನಕ್ಸ್ ಹಾಕಿ ಎಬ್ಬಿಸಿ ಕೂರಿಸುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಇಂಥ ಅನಾಥ ಪೆಟ್ಟಿಗೆಗಳು ನನ್ನ ಮನೆಗೆ ಇನ್ನೂ ಹೆಚ್ಚು ಬರುತ್ತಿವೆ. ಮಲಗಲು ಜಾಗವಿಲ್ಲ ಎಂದು ಹೆಂಡತಿಯ ದೂರು. ಅದು ನ್ಯಾಯವಾದ ದೂರೇ.

ಈ ಹುಚ್ಚು ಹತ್ತಿದ್ದು ಮಂಡ್ಯದಲ್ಲಿ, ಕಾಲೇಜು ಓದುವಾಗ, ಒಂದು ತರಬೇತಿ ಕೇಂದ್ರದಲ್ಲಿ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಹೊರಗೆ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ’ ಎಂಬ ಬೋರ್ಡು. ನಮ್ಮೂರ ಗುಡಿಯ ಮುಂದೆ ನಾವು ಚಪ್ಪಲಿ ಬಿಟ್ಟರೂ ಒಳಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ಚಪ್ಪಲಿ ಬಿಟ್ಟವನನ್ನು ಒಳಕ್ಕೆ ಬಿಟ್ಟರು. ಕೀಲಿ ಒತ್ತಿದೆ. ಪರದೆಯ ಮೇಲೆ ನನ್ನ ಹೆಸರು ಬಂತು. ನೀನು ಯಾರ ಪೈಕಿ ಎಂದು ಅದು ಕೇಳಲಿಲ್ಲ. ಗೆಳೆಯರೇ, ಯಂತ್ರವನ್ನು ಪ್ರೀತಿಸಲು ನನಗೆ ಅಷ್ಟು ಕಾರಣ ಸಾಕಾಯಿತು.

ಹಾಗಂತ ಅದೇನು ಸಾಧು ಪ್ರಾಣಿಯಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆದರೂ ಎಷ್ಟೋ ಡಿಟಿಪಿ ಅಂಗಡಿಗಳು ಹಳೆಯ ಫಾಂಟುಗಳನ್ನು ಬಿಟ್ಟಿಲ್ಲ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷಿನ, ಫ್ರೆಂಚಿನ ಅಕ್ಷರಗಳ ಜಾಗದಲ್ಲಿ, ಬಾಡಿಗೆದಾರರ ಹಾಗೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಮನೆ ಮಾಲೀಕರು ಹೊರಗೆ ಬರುತ್ತಾರೆ. ತಲೆಮೇಲೆ ಚುಕ್ಕಿ, ಟೋಪಿ ಇಟ್ಟುಕೊಂಡ ಅಕ್ಷರಗಳ ಜಾತ್ರೆ! ಭಾವಮೈದ ದುಡ್ಡು ಕೊಟ್ಟು ಬರೆಸಿದ್ದ ಅರ್ಜಿ ನನ್ನ ಯಂತ್ರದಲ್ಲಿ ಹೀಗೇ ಆಯಿತು. ಅಂಗಡಿಯವನದು ಸರಿಯಿದೆ, ಕೆಟ್ಟಿರುವುದು ಭಾವನ ಗುಜರಿ ಪೆಟ್ಟಿಗೆ ಎಂದು ಆ ಮನೆಯಲ್ಲಿ ಇವತ್ತಿಗೂ ಮಾತಿದೆ.

ಇನ್ನು ಹೆಸರಿನ ಕತೆ. ಮಾವನ ಹೆಸರಿನ ಕೊನೆಯಲ್ಲಿ ‘ಅಯ್ಯ’ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ಎಚ್ ಅಕ್ಷರ ಸೇರಿಸುವುದು ನಮ್ಮ ಕಡೆ ರೂಢಿ. ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಆ ಎಚ್ಚನ್ನು ವಿಸರ್ಗ ಮಾಡಿ, ಕಾರ್ಡಿನ ಮೇಲೆ ‘ಐಃ’ ಎಂದು ಅಚ್ಚು ಹಾಕಿತು. ಜೀವಮಾನದಲ್ಲಿ ಒಂದು ಮಂತ್ರ ಕಿವಿಗೆ ಬೀಳದ ಮನುಷ್ಯನಿಗೆ ಪುಕ್ಕಟೆ ವಿಸರ್ಗ! ನಕ್ಕು ಬಿಡಬಹುದಿತ್ತು. ಆದರೆ ಪಹಣಿಯ ಅಯ್ಯನೂ ಕಾರ್ಡಿನ ಐಃನೂ ಒಬ್ಬನೇ ಎಂದು ಸಾಬೀತು ಮಾಡಲು ಮಾವ ನಾಲ್ಕು ದಿನದ ಕೂಲಿ ಬಿಟ್ಟು ಓಡಾಡಬೇಕಾಯಿತು.

ಹಿಂದೆ ಮಾವನೂ ಈ ಯಂತ್ರವನ್ನು ಹೊಗಳಿದವರೇ. 2000ನೇ ಇಸವಿಯ ಸುಮಾರಿಗೆ ಭೂಮಿ ಯೋಜನೆ ಬಂದು, 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗತೊಡಗಿದಾಗ, ಲೆಕ್ಕಿಗರ ಮನೆ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು ಎಂದು ಊರೆಲ್ಲ ಹೇಳಿಕೊಂಡು ಬಂದರಂತೆ. ಇಲ್ಲೊಂದು ವಿಷಯ ಗಮನಿಸಬೇಕು. ಭೂಮಿಯ ಕಂಪ್ಯೂಟರಿಗೂ ಬೆರಳಚ್ಚು ಬೇಕಿತ್ತು. ಆದರೆ ಅದು ಬೆರಳು ಕೇಳುತ್ತಿದ್ದುದು ಕಚೇರಿಯ ನೌಕರನನ್ನು. ದಾಖಲೆ ತಿದ್ದಿದವನು ನಾಳೆ ನಾನಲ್ಲ ಎನ್ನಬಾರದು ಎಂದು. ಈಗ ರೇಷನ್ ಅಂಗಡಿಯ ಮಿಷಿನ್ನು ಬೆರಳು ಕೇಳುವುದು ಅಕ್ಕಿಗೆ ನಿಂತವನನ್ನು. ಬೆರಳಚ್ಚಿನ ವಿದ್ಯೆ ಅದೇ. ಅನುಮಾನ ಮಾತ್ರ ಮೇಜಿನ ಆಚೆ ಬದಿಯಿಂದ ಈಚೆ ಬದಿಗೆ ಬಂದಿದೆ.

ಆ ಬೆರಳು ಕೂಡಿಬರುವುದಿಲ್ಲ. ಅಂಗಡಿಯವನು ಒದ್ದೆ ಬಟ್ಟೆ ಕೊಡುತ್ತಾನೆ. ಒರಸು, ಹಣೆಗೆ ಉಜ್ಜು, ತಲೆಕೂದಲಿಗೆ ಉಜ್ಜು, ಅದುಮಿ ಇಡು, ಮೆಲ್ಲಗೆ ಇಡು. ಹಿಂದೆ ನಿಂತವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಯಂತ್ರ ಇಡೀ ಬೆರಳನ್ನು ನೋಡುವುದಿಲ್ಲ. ಗೆರೆ ಎಲ್ಲಿ ನಿಂತಿತು, ಎಲ್ಲಿ ಕವಲೊಡೆಯಿತು ಎಂಬ ಬಿಂದುಗಳನ್ನು ಹಿಡಿದು ಮೊದಲು ಕೊಟ್ಟದ್ದರ ಜೊತೆ ತಾಳೆ ನೋಡುತ್ತದೆ. ಎಷ್ಟು ತಾಳೆಯಾದರೆ ಸಾಕು ಎಂಬ ಮಿತಿಯನ್ನು ಎಲ್ಲೋ ಕೂತ ಯಾರೋ ಗೊತ್ತು ಮಾಡಿರುತ್ತಾರೆ. ಮಿತಿ ಸಡಿಲ ಮಾಡಿದರೆ ಕಳ್ಳ ಒಳಗೆ ಬರುತ್ತಾನೆ, ಬಿಗಿ ಮಾಡಿದರೆ ಮನೆಯವನೇ ಹೊರಗೆ ಉಳಿಯುತ್ತಾನೆ. ಮಾವನ ಬೆರಳ ಗೆರೆಗಳನ್ನು ಕಬ್ಬಿನ ಸೋಗೆ, ಗುದ್ದಲಿ ಕಾವು, ಗಾರೆ ಕೆಲಸದ ಸಿಮೆಂಟು ಸೇರಿ ತಿಂದಿವೆ. ಅತ್ತೆಯದನ್ನು ಭತ್ತದ ನಾಟಿ ತಿಂದಿದೆ. ಕುರ್ಚಿಯ ಮೇಲೆ ಕೂತು ತಿನ್ನುವವರ ಬೆರಳು ಒಂದೇ ಸಲಕ್ಕೆ ಬರುತ್ತದೆ, ನನ್ನದೂ ಬರುತ್ತದೆ.

ಮಾವನಿಗೆ ಇದು ಬರೀ ಅಕ್ಕಿಯ ಮಾತಲ್ಲ. ಅವರ ಅಪ್ಪನ ಹತ್ತು ಗುಂಟೆ ಒಂದು ಹೆಬ್ಬೆಟ್ಟಿನಲ್ಲಿ ಹೋಗಿತ್ತು. ಕಾಗದದಲ್ಲಿ ಏನಿದೆ ಎಂದು ಯಾರೂ ಓದಿ ಹೇಳಿರಲಿಲ್ಲ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆ ಶುರುವಾದಾಗ ಮಾವ ಗದ್ದೆ ಕೆಲಸ ಮುಗಿಸಿ ಬಂದು, ಲಾಟೀನಿನ ಮುಂದೆ ಸ್ಲೇಟು ಹಿಡಿದರು. ಆಗ ಅವರಿಗೆ ನಲವತ್ತರ ಹತ್ತಿರ. ಸೈನು ಹಾಕುವುದು ಬಂದ ದಿನ ಸೀಮೆಸುಣ್ಣದಲ್ಲಿ ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದರಂತೆ. ‘ಎಬ್ಬೆಟ್ ಗಿರಾಕಿ’ ಎಂದು ಮತ್ತೆ ಯಾರೂ ಅವರನ್ನು ಅನ್ನಲಿಲ್ಲ. ಈಗ ಎಪ್ಪತ್ತು ದಾಟಿದ ಮೇಲೆ ಸರ್ಕಾರ ಮತ್ತೆ ಹೆಬ್ಬೆಟ್ಟು ಕೇಳುತ್ತಿದೆ. ಕೊಟ್ಟರೆ, ಇದು ನಿನ್ನದಲ್ಲ ಎನ್ನುತ್ತಿದೆ.

‘ನಾನು ನಾನಲ್ಲ ಅಂತದಲ್ಲ ಮೇಷ್ಟ್ರೆ, ನಿಮ್ ಮಿಷಿನ್ನು!’ ಎಂದು ಮಾವ ಒಂದು ರಾತ್ರಿ ಊಟದ ತಟ್ಟೆ ತಳ್ಳಿದರು.

‘ನಂದಲ್ಲ ಮಾವ ಅದು’ ಅಂದೆ.

‘ಮನೆ ತುಂಬ ಅದ್ನೇ ಮಡಿಕೊಂಡಿದ್ದೀರಿ, ಇನ್ಯಾರ್ದು?’

‘ಉಗುಸ್ಕೊಂಡಿದ್ದು ಸಾಕು, ಉಣ್ಣಿ’ ಎಂದು ಹೆಂಡತಿ ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಆ ‘ನಿಮ್’ ಎಂಬ ಮಾತು ಮುದ್ದೆಗಿಂತ ಬಿಸಿಯಾಗಿತ್ತು. ಮೇಲಿನವರನ್ನು ಬಯ್ಯಲು ಅವರಿಗೆ ಸಿಕ್ಕುವವನು ನಾನೊಬ್ಬನೇ.

ಬೆರಳು ಬರದಿದ್ದರೆ ಒಟಿಪಿ ಇದೆಯಲ್ಲ ಎನ್ನುತ್ತೀರಿ. ಇದೆ. ಅದು ಹೋಗುವುದು ಭಾವಮೈದ ಬೆಂಗಳೂರಿನಲ್ಲಿ ಇಟ್ಟುಕೊಂಡಿದ್ದ ಹಳೇ ನಂಬರಿಗೆ. ಕರೆನ್ಸಿ ಹಾಕದೆ ಬಿಟ್ಟಿದ್ದರಿಂದ ಫೋನಿನ ಕಂಪನಿ ಆ ನಂಬರನ್ನು ಬೇರೆಯವರಿಗೆ ಕೊಟ್ಟಾಗಿದೆ. ಒಂದು ಸಲ ನಾನೇ ಆ ನಂಬರಿಗೆ ಫೋನು ಮಾಡಿದೆ. ಹಿಂದಿ ಮಾತಾಡುವ ಹುಡುಗ ಎತ್ತಿಕೊಂಡ. ಆರು ಅಂಕಿ ಬಂದಿರುತ್ತೆ, ಹೇಳಪ್ಪ ಎಂದರೆ ಕಳ್ಳನೆಂದು ಬೈದು ಇಟ್ಟುಬಿಟ್ಟ. ಅವನದು ಸರಿ. ಒಟಿಪಿ ಯಾರಿಗೂ ಹೇಳಬೇಡಿ ಎಂದು ತರಗತಿಯಲ್ಲಿ ಹೇಳಿಕೊಡುವವನು ನಾನೇ.

ಯಂತ್ರಕ್ಕೆ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬ ಮಾತು 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟಿನ ಆಧಾರ್ ತೀರ್ಪಿನಲ್ಲೂ ಬಂದಿದೆ. ಇದನ್ನು ಅಂಗಡಿಯವನಿಗೆ ಹೇಳಿದೆ. ‘ತೀರ್ಪು ಮಿಷಿನ್ನೊಳಗೆ ಇಲ್ವಲ್ಲ ಸಾರ್’ ಎಂದ. ಪಾಪ, ಅವನ ಕೈಯಲ್ಲಿರುವುದು ಎರಡೇ ಗುಂಡಿ.

ಆಮೇಲೆ ನಾನೇ ಕೂತು ಒಂದು ಅರ್ಜಿ ಬರೆದೆ. ಗುಜರಿ ಪೆಟ್ಟಿಗೆಯಲ್ಲೇ, ಯೂನಿಕೋಡಿನಲ್ಲೇ, ಅಯ್ಯನನ್ನು ಅಯ್ಯ ಎಂದೇ. ಮಾವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಪೂರ್ತಿ ಓದಿದರು. ಒಂದು ಕಡೆ ‘ವಿನಂತಿ’ ಎಂದಿದ್ದನ್ನು ತೋರಿಸಿ, ‘ಇದ್ಯಾಕೆ, ಕೇಳಿಕೊಳ್ಳದೇನದೆ ಇದ್ರಲ್ಲಿ?’ ಎಂದು ತೆಗೆಸಿದರು. ಕೆಳಗೆ ನಿಧಾನವಾಗಿ ಸೈನು ಹಾಕಿದರು. ಕಚೇರಿಯಲ್ಲಿ ಕಾಗದ ತೆಗೆದುಕೊಳ್ಳಲಿಲ್ಲ, ಆನ್‌ಲೈನಿನಲ್ಲಿ ಹಾಕಿ ಎಂದರು. ಹಾಕಲು ಕೂತರೆ ಮೊದಲ ಪುಟದಲ್ಲೇ ಕೇಳಿತು: ಬೆರಳಚ್ಚು ಅಥವಾ ಒಟಿಪಿ.

ಸೈನು ಹಾಕಿದ ಆ ಹಾಳೆಯನ್ನು ಮಾವ ಮಡಿಸಿ ಟ್ರಂಕಿನಲ್ಲಿ ಪಹಣಿಯ ಜೊತೆ ಇಟ್ಟಿದ್ದಾರೆ. ಹತ್ತು ಬೆರಳಲ್ಲಿ ಯಾವುದು ಬಂದರೂ ಆಗುತ್ತದೆ ಎಂದು ನಾನು ಹೇಳಿದ್ದರಿಂದ ಅತ್ತೆ ಒಂದೊಂದಾಗಿ ಇಟ್ಟು ನೋಡಿದರು. ಈ ತಿಂಗಳ ಅಕ್ಕಿ ಅವರ ಎಡಗೈಯ ಉಂಗುರ ಬೆರಳಿನಿಂದ ಬಂತು. ಮುಂದಿನ ತಿಂಗಳು ನಾಟಿ ಇದೆ.