ಐದು ಊರು, ಒಂದು ಕೊಲ್ಹಾಪುರ

ಆಗಸ್ಟ್ 15 ಹತ್ತಿರ ಬಂತೆಂದರೆ ನನ್ನ ಮನಸ್ಸು ಕೊಲ್ಹಾಪುರದ ಕಡೆ ಎಳೆಯುತ್ತದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಅಪ್ಪ ಶಾಹೂಪುರಿಯ ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸ್ವಾತಂತ್ರ್ಯ ದಿನದ ನಸುಕಿನಲ್ಲೇ ಶಾಲೆಯ ಪ್ರಭಾತಫೇರಿ ಹೊರಟು ಬಿಂದು ಚೌಕ ಸುತ್ತಿ ಬರುತ್ತಿತ್ತು. ಅಷ್ಟರಲ್ಲಿ ಬೀದಿಬದಿಯ ಒಲೆಗಳ ಮೇಲೆ ದೊಡ್ಡ ದೊಡ್ಡ ಕಡಾಯಿಗಳು ಏರಿರುತ್ತಿದ್ದವು. ಆ ಊರಿನಲ್ಲಿ ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಜಿಲೇಬಿ ಇಲ್ಲದೆ ಹಬ್ಬವಾಗುವುದಿಲ್ಲ. ಅಪ್ಪ ಕಾಗದದ ಪೊಟ್ಟಣ ಹಿಡಿದು ಬರುವವರೆಗೆ ನಾವು ಮಕ್ಕಳು ಅಂಗಿಗೆ ಸಿಕ್ಕಿಸಿದ ಧ್ವಜ ತೆಗೆಯುತ್ತಿರಲಿಲ್ಲ.

ಅಪ್ಪ ಅಮ್ಮ ಈಗಿಲ್ಲ. ನಾವಿದ್ದ ಬಾಡಿಗೆ ಚಾಳು ಕೆಡವಿ ಅಲ್ಲಿ ಬೇರೆ ಕಟ್ಟಡ ಎದ್ದಿದೆ. ಕಾಗವಾಡದಲ್ಲಿ ಮೇಷ್ಟರಾಗಿ, ನಿವೃತ್ತನಾಗಿ, ಅಲ್ಲಿಯೇ ನೆಲೆ ನಿಂತಿದ್ದೇನೆ. ಈ ಸಲದ ಸ್ವಾತಂತ್ರ್ಯ ದಿನಕ್ಕೆ ನಿಪ್ಪಾಣಿಯ ಸೋದರಮಾವನ ಮನೆಯಲ್ಲಿದ್ದೆ. ಅಲ್ಲಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಬಸ್ಸು ಹತ್ತಿದರೆ ತಾಸಿನ ಹಾದಿ. ಹೋದರೆ ಯಾರ ಮನೆಯ ಬಾಗಿಲು ತಟ್ಟಲಿ? ಆ ಊರಿಗೆ ಬೆನ್ನು ಮಾಡಿ, ಚಿಕ್ಕೋಡಿ, ರಾಯಬಾಗ, ಅಥಣಿ ಸುತ್ತಿಕೊಂಡು ಮನೆ ಸೇರೋಣವೆಂದು ಹೊರಟೆ.

ಹೊರಡುವ ಮುನ್ನ ನಿಪ್ಪಾಣಿ ಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ಅಲ್ಲಿಯೂ ಜಿಲೇಬಿಯ ಕಡಾಯಿ ಏರಿತ್ತು. “ಕಾಕಾ, ಬಿಸಿ ಅದಾವ್ರಿ, ಅರ್ಧಾ ಕಿಲೋ ಕಟ್ಟಲೇನ್ರಿ?” ಎಂದ ಹುಡುಗ ಪಕ್ಕದ ಗಿರಾಕಿಗೆ ಅದನ್ನೇ ಮರಾಠಿಯಲ್ಲಿ ಕೇಳಿದ. ತಂಬಾಕಿನ ವಹಿವಾಟಿನಿಂದ ಬೆಳೆದ, ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟುವ ಊರಿದು. 1925ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಇಲ್ಲಿ ದಲಿತರ ಪರಿಷತ್ತಿಗೆ ಬಂದಿದ್ದರು. 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ದರ ಕೇಳಿ ಹೆದ್ದಾರಿಯಲ್ಲಿ ಕುಳಿತಾಗ ಮುಂದೆ ನಿಂತವರು ಮಹಾರಾಷ್ಟ್ರದ ಶರದ್ ಜೋಶಿ. ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ಎರಡು ರಾಜ್ಯಗಳ ಗಡಿ ತಂಟೆ ಎದ್ದಾಗ ಬಸ್ಸುಗಳು ಗಡಿಯಂಚಿನ ಕೊಗನೊಳ್ಳಿ ದಾಟದೆ ನಿಲ್ಲುತ್ತವೆ. ಆದರೆ ಬೆಳೆಗಾರರ ಆ ಹೋರಾಟ ಗಡಿಯ ಹಂಗಿಲ್ಲದೆ ನಡೆದಿತ್ತು.

ಚಿಕ್ಕೋಡಿಯ ಹಾದಿಯುದ್ದಕ್ಕೂ ಕಬ್ಬು, ಸೋಯಾಬೀನ್. ಮಳೆ ತೊಳೆದ ಶಾಲೆಯ ಅಂಗಳಗಳಲ್ಲಿ ಮಕ್ಕಳು ಸಾಲು ಕಟ್ಟಿದ್ದರು. ಚಿಕ್ಕೋಡಿ ಬಂದಾಗಲೆಲ್ಲ ನನಗೆ ಹತ್ತಿರದ ಸದಲಗಾದವರಾದ ಡಾ. ಆ.ನೇ. ಉಪಾಧ್ಯೆ ನೆನಪಾಗುತ್ತಾರೆ. 1906ರಲ್ಲಿ ಹುಟ್ಟಿದ ಅವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ದಶಕಗಳ ಕಾಲ ಪ್ರಾಕೃತ ಕಲಿಸಿದರು. ಅಲ್ಲಿ ಕುಳಿತೇ ಜೈನ ಗ್ರಂಥಗಳನ್ನು ಸಂಪಾದಿಸಿ ಲೋಕದ ವಿದ್ವಾಂಸರ ಮೆಚ್ಚುಗೆ ಪಡೆದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ.ಜಿ. ಕುಂದಣಗಾರರು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಓದಿ 1939ರಲ್ಲಿ ಪುಸ್ತಕವಾಗಿಸಿದರು. ಓದಿನ ಹಸಿವಿದ್ದ ನಮ್ಮ ಕಡೆಯ ಎಷ್ಟೋ ಹುಡುಗರು ಆ ಊರಿನ ಲಿಂಗಾಯತ ಬೋರ್ಡಿಂಗ್, ಜೈನ ಬೋರ್ಡಿಂಗುಗಳಲ್ಲಿ ಉಂಡು ದೊಡ್ಡವರಾದರು. ಈ ಉಪಕಾರವನ್ನು ಮರೆಯುವುದು ನನ್ನಿಂದಾಗದು.

ರಾಯಬಾಗದಲ್ಲಿ ಇಳಿದು ಚಹಾ ಕುಡಿದೆ. ಈ ಊರಿಗೂ ಕೊಲ್ಹಾಪುರಕ್ಕೂ ಇದ್ದ ನಂಟು ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. 1947ರ ಆಗಸ್ಟ್ 15ರಂದು ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದಲ್ಲಿದ್ದವು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದ್ದು. ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧ ಪಾಲು ಮೀಸಲಿಟ್ಟ ಶಾಹೂ ಮಹಾರಾಜರ 1902ರ ಆಜ್ಞೆ ಹೊರಟಾಗ ಈ ಊರು ಅವರ ಆಳ್ವಿಕೆಯಲ್ಲಿತ್ತು. 1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ರಾಯಬಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ಕ್ಕೆ ಜಿಲ್ಲೆಯ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂತು. ಎರಡೂ ಊರುಗಳು ಇದ್ದಲ್ಲೇ ಇವೆ, ನಡುವೆ ಗೆರೆ ಬಂದಿದೆ.

ಕುಡಚಿಯ ಬಳಿ ಕೃಷ್ಣೆ ಕೆಂಪಗೆ, ದಂಡೆ ತುಂಬಿ ಹರಿಯುತ್ತಿದ್ದಳು. ಸೇತುವೆ ದಾಟುವಾಗ ಕಿಟಕಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಕೊಲ್ಹಾಪುರದ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಾನು ಈಜು ಕಲಿತ ಘಾಟಿನ ನೀರೇ ಹೀಗೆ ಕುಡಚಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಇದೇ ನೀರು ಮುನಿದು ಕೊಲ್ಹಾಪುರದ ಪೇಟೆಗಳಿಗೂ ನಮ್ಮ ನದಿತೀರದ ಹಳ್ಳಿಗಳಿಗೂ ಒಟ್ಟಿಗೆ ನುಗ್ಗಿತು. ಆ ವರ್ಷದ ಸ್ವಾತಂತ್ರ್ಯ ದಿನವನ್ನು ಎರಡೂ ಕಡೆಯ ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಕಳೆದರು.

ಉಗಾರದ ಸಕ್ಕರೆ ಕಾರ್ಖಾನೆ ಹಿಂದೆ ಸರಿದು ಅಥಣಿ ಬಂದಾಗ ಮಧ್ಯಾಹ್ನ. ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠಕ್ಕೆ ಕೈಮುಗಿದು, ಚಪ್ಪಲಿ ಮಾಡುವವರ ಓಣಿಗೆ ಹೋದೆ. ಲೋಕವೆಲ್ಲ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯನ್ನು ಇಲ್ಲಿ ತಲೆತಲಾಂತರದಿಂದ ಮಾಡುತ್ತಾರೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು; ಮೊಳೆಯಿಲ್ಲ, ತೊಗಲಿನ ದಾರದ್ದೇ ಹೊಲಿಗೆ. ಗಂಡಸರು ಅಟ್ಟೆ ಕೊಯ್ದರೆ ಹೆಂಗಸರು ಹೆಣಿಗೆ ಹಾಕುತ್ತಾರೆ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳಿಗೂ ಕರ್ನಾಟಕದ 4 ಜಿಲ್ಲೆಗಳಿಗೂ ಒಟ್ಟಿಗೇ ಸಿಕ್ಕಿತು. ಹೆಣಿಗೆ ಹಾಕುತ್ತಿದ್ದ ತಾಯಿಯೊಬ್ಬಳನ್ನು, “ಯವ್ವಾ, ಇವತ್ತೂ ಸೂಟಿ ಇಲ್ಲೇನು?” ಎಂದು ಕೇಳಿದೆ. “ಝೆಂಡಾ ಏರಿಸಿ ಬಂದೇವ್ರಿ. ಹೆಸರ ಕೊಲ್ಹಾಪುರದ್ದು ಖರೆ, ಕೈ ನಮ್ದುರಿ. ಕೈ ನಿಂತ್ರ ಹೊಟ್ಟಿ ನಿಲ್ಲತೈತಿ” ಎಂದಳು. ಅವಳ ದುಡಿಮೆಗೆ ಸರಿಯಾದ ಬೆಲೆ ಸಿಗುವ ದಿನ ನಮ್ಮ ಸ್ವಾತಂತ್ರ್ಯಕ್ಕೆ ಇನ್ನಷ್ಟು ಅರ್ಥ ಬರುತ್ತದೆ. ನನ್ನ ಅಳತೆಯ ಜೋಡೊಂದನ್ನು ಚೌಕಾಶಿ ಮಾಡದೆ ಕೊಂಡೆ.

ಸಂಜೆ ಕಾಗವಾಡ. ಇಲ್ಲಿಂದ ಮಿರಜ ಕಣ್ಣಳತೆಯಲ್ಲೇ ಇದ್ದಂತೆ. ಹೆರಿಗೆ, ಆಪರೇಷನ್ ಎಂದರೆ ನಮ್ಮ ಜನ ಮಿರಜಕ್ಕೇ ಹೋಗುತ್ತಾರೆ. ಅಲ್ಲಿನ ವಾನ್ಲೆಸ್ ಆಸ್ಪತ್ರೆ 19ನೆಯ ಶತಮಾನದ ಕೊನೆಯಿಂದ ಈ ಸೀಮೆಯವರನ್ನು ಉಳಿಸಿದೆ. ತಾಲೂಕಿನ ಜುಗುಳದಲ್ಲಿ ನಿಂತರೆ ಹೊಳೆಯಾಚೆ ಕೊಲ್ಹಾಪುರ ಜಿಲ್ಲೆಯ ಖಿದ್ರಾಪುರ. ಅಲ್ಲಿನ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ.

ನವೆಂಬರ್ 1ರಂದು ನಾನು ಕನ್ನಡ ಬಾವುಟಕ್ಕೆ ಮನಸಾರೆ ಕೈಮುಗಿಯುತ್ತೇನೆ. ಮೇ 1ರಂದು ಆಚೆಯವರು ತಮ್ಮ ಮಹಾರಾಷ್ಟ್ರವನ್ನು ಸಂಭ್ರಮಿಸುತ್ತಾರೆ. ಆ ಎರಡು ದಿನ ಕೊಲ್ಹಾಪುರ ನೆನಪಾಗುತ್ತದೆ ಎಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ಆಗಸ್ಟ್ 15ರಂದು ಹಾಗಿಲ್ಲ. ನನ್ನನ್ನು ಬೆಳೆಸಿದ ಊರೂ ನನಗೆ ಅನ್ನ ಕೊಟ್ಟ ಊರೂ ಅವತ್ತು ಒಂದೇ ಹೊತ್ತಿಗೆ ಒಂದೇ ಗೀತೆ ಹಾಡುತ್ತವೆ. ಹಂಬಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ದೇಶ ಎಂಬುದು ನನಗೆ ಅರ್ಥವಾಗಿರುವುದು ಹೀಗೆ. ನಿಪ್ಪಾಣಿಯ ಮರಾಠಿ ಶಾಲೆಯೂ ಗಡಿಯಾಚೆಯ ಜತ್ತದ ಕನ್ನಡ ಶಾಲೆಯೂ ತುಂಬಿರಲಿ, ತಂಟೆಯ ದಿನಗಳಲ್ಲೂ ಗಡಿಯ ಬಸ್ಸುಗಳು ಓಡಲಿ. ಬರುವ ಜನವರಿ 26ಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಕೊಲ್ಹಾಪುರಕ್ಕೇ ಹೋಗುತ್ತೇನೆ. ತಟ್ಟಲು ಬಾಗಿಲಿಲ್ಲದಿದ್ದರೇನು, ಬಿಂದು ಚೌಕದಲ್ಲಿ ನಿಲ್ಲಲು ಜಾಗವಿದೆ.