ತುಱುವೋ ತೆಱೆಯೋ

ಜೂನ್ 9, 2024, ಭಾನುವಾರ. ರಾತ್ರಿ 10.40

ಅಪ್ಪಾಜಿಯ ಬಲಗಣ್ಣಿನ ಪೊರೆ ತೆಗೆಸಿ ಮೂರು ದಿನ. ಎರಡು ಬಗೆಯ ಹನಿ, ದಿನಕ್ಕೆ ಆರು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಆ ಐದು ನಿಮಿಷ ಅವರು ಕಣ್ಣು ಮುಚ್ಚಿ ಕೂತಿರುತ್ತಾರೆ. ಪಕ್ಕದಲ್ಲಿ ನಾನು. ಇಬ್ಬರಿಗೂ ಮಾತಿಲ್ಲ.

ಅವರ ನೋಟ್‌ಬುಕ್ಕುಗಳು ಹಾಗೇ ಇವೆ. ಹನ್ನೊಂದರಲ್ಲಿ ನಾಲ್ಕು ಮಾತ್ರ ಟೈಪ್ ಆಗಿವೆ. ಮೇಷ್ಟರಾಗಿದ್ದಾಗ ಭಾನುವಾರಗಳಲ್ಲಿ ಸೈಕಲ್ ಹತ್ತಿ ಹೋಗಿ ಕಲ್ಲಿನಿಂದ ಬರೆದುಕೊಂಡ ಶಾಸನಗಳು. ಡಿಟಿಪಿ ಸೆಂಟರಿನಲ್ಲಿ ಬೆಳಗ್ಗೆಯಿಂದ ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ ಕಾರ್ಡು ಟೈಪ್ ಮಾಡಿ ಬಂದಮೇಲೆ ಮತ್ತೆ ಅಕ್ಷರ ಕುಟ್ಟಲು ಮನಸ್ಸು ಏಳುವುದಿಲ್ಲ. ಗೇಮ್ ಆಡಲು ಮಾತ್ರ ಏಳುತ್ತದೆ. ತಪ್ಪೋ ಏನೋ.

ಜೂನ್ 11. ರಾತ್ರಿ 12.15

ಅಣ್ಣನ ಮಗ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ‘ಎ ಶಾರ್ಟ್ ಹೈಕ್’ ಎಂಬ ಗೇಮ್. 2019ರದು. ಆಡಂ ರಾಬಿನ್‌ಸನ್-ಯೂ ಎಂಬ ಕೆನಡಾದ ಹುಡುಗ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿದ್ದು. ಒಂದೂವರೆ ಗಂಟೆಗೆ ಮುಗಿಯಿತು. ಕ್ಲೇರ್ ಎಂಬ ಹಕ್ಕಿ ಒಂದು ಫೋನಿಗೆ ಕಾಯುತ್ತಿದೆ. ಸಿಗ್ನಲ್ ಇಲ್ಲ. ಬೆಟ್ಟದ ತುದಿಗೆ ಹೋಗಬೇಕು. ದಾರಿಯಲ್ಲಿ ಮೀನು ಹಿಡಿ, ಓಡು, ಯಾರದೋ ಕಳೆದುಹೋದ ವಸ್ತು ಹುಡುಕು. ಯಾವುದಕ್ಕೂ ಅವಸರವಿಲ್ಲ.

ತುದಿಯಲ್ಲಿ ಫೋನ್ ಬರುತ್ತದೆ. ಅಮ್ಮನದು. ಆಪರೇಷನ್ ಆಗಿದೆಯಂತೆ ಅವಳಿಗೆ.

ಎದ್ದು ಹೋಗಿ ಅಪ್ಪಾಜಿ ಮಲಗಿದ್ದಾರಾ ನೋಡಿ ಬಂದೆ.

ಜೂನ್ 14, ಶುಕ್ರವಾರ

‘ಹೆವನ್ಸ್ ವಾಲ್ಟ್’ ಶುರು ಮಾಡಿದೆ. ಕೇಂಬ್ರಿಡ್ಜಿನ ಇಂಕಲ್ ಎಂಬ ಸಣ್ಣ ತಂಡದ್ದು, ಇದೂ 2019. ಐದು ವರ್ಷ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ? ಇದರ ಹೆಸರು ಎತ್ತಿದರೆ ಗೊತ್ತು ಅನ್ನುವವರು ಈ ಊರಲ್ಲಿ ಒಬ್ಬರೂ ಸಿಕ್ಕಿಲ್ಲ.

ಅಲಿಯಾ ಎಂಬ ಪುರಾತತ್ವದವಳು. ಜೊತೆಗೊಂದು ರೋಬೋ. ಅದರ ಹೆಸರು ಸಿಕ್ಸ್, ಯಾಕೆಂದರೆ ಹಿಂದೆ ಇದ್ದ ಐದನ್ನು ಕಳೆದುಕೊಂಡಿದ್ದಾಳೆ. ಕಾಣೆಯಾದ ಒಬ್ಬನನ್ನು ಹುಡುಕಲು ಹೊರಡುತ್ತಾಳೆ. ಆದರೆ ನಿಜವಾದ ಕೆಲಸ ಅದಲ್ಲ. ಕಲ್ಲು, ಮಡಕೆ ಚೂರು, ಪಾಳು ಗೋಡೆ, ಎಲ್ಲದರ ಮೇಲೂ ಯಾರೂ ಓದಲಾಗದ ಲಿಪಿ. ಒಂದೊಂದು ಪದಕ್ಕೂ ಅರ್ಥ ಊಹಿಸಬೇಕು. ಗೇಮ್ ಕೂಡಲೇ ಸರಿ ತಪ್ಪು ಹೇಳುವುದಿಲ್ಲ. ನಿನ್ನ ಊಹೆಯ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಕಳಿಸುತ್ತದೆ.

ಆ ಚಿಹ್ನೆ ಕಂಡಾಗ ಎದೆ ಝಲ್ಲೆಂದಿತು. ಅಪ್ಪಾಜಿಯ ನೋಟ್‌ಬುಕ್ಕಿನ ತುಂಬ ಅದೇ ಇದೆ, ಕೆಂಪು ಪೆನ್ನಿನಲ್ಲಿ.

ಜೂನ್ 16, ಭಾನುವಾರ. ಬೆಳಗ್ಗೆ 11

ಹನಿಗೆ ಕಾಯುವ ಹೊತ್ತಿನಲ್ಲಿ ಕೇಳಿದರು, “ಅದೇನು ಪುಟ್ಟಿ, ರಾತ್ರಿಯೆಲ್ಲ ನೋಡ್ತಿರ್ತೀಯಲ್ಲ?”

ಹೇಳಿದೆ. ಲ್ಯಾಪ್‌ಟಾಪ್ ತಂದು ಮುಂದಿಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡೇ ಮುಖ ಹತ್ತಿರ ತಂದರು. ಚಿಹ್ನೆಗಳು ದೊಡ್ಡವು, ಕಂಡವು. ಇಂಗ್ಲಿಷ್ ಅವರಿಗೆ ನಿಧಾನ, ಹಾಗಾಗಿ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಲಿಪಿಯಿಂದ ಇಂಗ್ಲಿಷು, ಅಲ್ಲಿಂದ ಕನ್ನಡ.

“ಪೂರ್ತಿ ಪದ ನೋಡ್ಬೇಡ. ಒಂದು ಪದದ ತುಂಡು ಇನ್ನೊಂದ್ರೊಳಗೆ ಇದೆಯಾ ಅಂತ ನೋಡು.”

ಇತ್ತು! ನಾನು ಎರಡು ದಿನ ತಡಕಾಡಿದ್ದು ಅವರಿಗೆ ಒಂದೇ ಕಣ್ಣಲ್ಲಿ ಸಿಕ್ಕಿತು. ಎರಡನೇ ಹನಿ ಹಾಕುವುದು ಹತ್ತು ನಿಮಿಷ ತಡವಾಯಿತು.

ಜೂನ್ 19

ಹೆವನ್ಸ್ ವಾಲ್ಟಿನಲ್ಲಿ ಚಂದ್ರನಿಂದ ಚಂದ್ರನಿಗೆ ಹಾಯಿ ಹಡಗಿನಲ್ಲಿ ಹೋಗಬೇಕು. ಆಕಾಶದಲ್ಲೇ ನದಿಗಳು. ಈ ಪ್ರಯಾಣ ಬೇಸರ, ತೀರಾ ನಿಧಾನ ಅಂತ ತುಂಬಾ ಜನ ದೂರಿದ್ದಾರೆ. ನಿಧಾನ ಹೌದು. ನನಗೆ ಅದೇ ಬೇಕಾಗಿದೆ. ಪದ ಮನಸ್ಸಿನಲ್ಲಿ ಊರಲು ಅಷ್ಟು ಹೊತ್ತು ಬೇಡವೇ?

ಆ ಲೋಕದವರ ನಂಬಿಕೆ: ಕಾಲ ಒಂದು ಸುತ್ತು, ಆದದ್ದೇ ಮತ್ತೆ ಆಗುತ್ತದೆ. ಹಾಗಾಗಿ ಹಳೆಯದನ್ನು ಅಗೆಯುವುದು ವ್ಯರ್ಥ ಅನ್ನುತ್ತಾರೆ ಅಲಿಯಾಗೆ. ಅಪ್ಪಾಜಿಗೂ ಹೀಗೇ ಅಂದಿದ್ದಾರೆ, ಬೇರೆ ಮಾತಿನಲ್ಲಿ. ಅಮ್ಮನೂ ಅಂದಿದ್ದಳು. ಭಾನುವಾರವೂ ಗಂಡ ಮನೆಯಲ್ಲಿ ಇರುವುದಿಲ್ಲ ಅನ್ನುವ ಸಂಕಟ ಅವಳದು. ಅವಳದೂ ಸರಿಯೇ ಇತ್ತು.

ಜೂನ್ 22. ಸಂಜೆ

ಅಪ್ಪಾಜಿಯ ಶಾಸನಗಳನ್ನು ಪುಸ್ತಕವಾಗಿ ಅಚ್ಚು ಮಾಡಿಕೊಡುತ್ತೇವೆ ಅಂದಿದ್ದವರು ಫೋನ್ ಮಾಡಿದ್ದರು. ನಾಲ್ಕು ನೋಟ್‌ಬುಕ್ಕಿನದು ಓದಿದರಂತೆ. ಚೆನ್ನಾಗಿದೆ, ಆದರೆ ಇಷ್ಟೊಂದು ಪ್ರಶ್ನಾರ್ಥಕ ಬೇಡ, ಓದುವವರಿಗೆ ನಂಬಿಕೆ ಬರುವುದಿಲ್ಲ, ಒಂದು ಓದು ಖಾತ್ರಿ ಮಾಡಿ ಕಳಿಸಿ ಅಂದರು.

ಅಪ್ಪಾಜಿಗೆ ಹೇಳಿಲ್ಲ.

ಜೂನ್ 25, ಮಂಗಳವಾರ. ರಾತ್ರಿ 11

ಐದನೇ ನೋಟ್‌ಬುಕ್ ತೆಗೆದೆ. ಕೆರೆ ಏರಿಯ ವೀರಗಲ್ಲು. ಶಾಸನಗಳನ್ನು ಅಚ್ಚು ಹಾಕಿಸಿದ ರೈಸ್ ಸಾಹೇಬರ 1902ರ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ಎಷ್ಟೊಂದು ಶಾಸನ ಇವೆ, ಇದಿಲ್ಲ. ಅಪ್ಪಾಜಿ ಪ್ರತಿ ಮಾಡಿದ್ದೊಂದೇ.

ವೀರ ಸತ್ತಿದ್ದಾನೆ. ಯಾತಕ್ಕೆ ಅನ್ನುವಲ್ಲಿ ಎರಡು ಅಕ್ಷರ. ತಕಾರ ಇದೆ, ಱಕಾರ ಇದೆ. ಮೇಲಿನ ಎತ್ವದ ಜಾಗವೂ ಸವೆದಿದೆ, ಕೆಳಗಿನ ಕೊಂಬಿನ ಜಾಗವೂ ಸವೆದಿದೆ. ಅದರ ಮುಂದೆ ಚಕ್ಕೆ ಎದ್ದಿದೆ. ಕೊಂಬಾದರೆ ತುಱು, ದನ. ಎತ್ವವಾದರೆ ತೆಱೆ, ಕಂದಾಯ. ದನ ಬಿಡಿಸಿಕೊಳ್ಳಲು ಹೋಗಿ ಸತ್ತನೋ, ಕಂದಾಯದ ಜಗಳದಲ್ಲಿ ಸತ್ತನೋ.

ಅಪ್ಪಾಜಿ ಎರಡನ್ನೂ ಬರೆದು ಎರಡಕ್ಕೂ ಕೆಂಪು ಚಿಹ್ನೆ ಹಾಕಿದ್ದಾರೆ. ಕೆಳಗೆ ಸಣ್ಣಕ್ಷರದಲ್ಲಿ: ‘ಕೆಳಪಟ್ಟಿಕೆ ಮಣ್ಣಿನಲ್ಲಿ ಹೂತಿದೆ. ದನದ ಚಿತ್ರ ಇದ್ದರೆ ತುಱು.’ ಪಕ್ಕದಲ್ಲಿ 1987.

ಸೆಂಟರಿನ ಹಳೆಯ ಫಾಂಟಿನಲ್ಲಿ ಱ ಇಲ್ಲ. ಯೂನಿಕೋಡಿನಲ್ಲಿ ಇದೆ. ಅದರಲ್ಲೇ ಮೊದಲಿಂದ ಮಾಡಬೇಕು.

ಜೂನ್ 28. ಎಷ್ಟು ಹೊತ್ತೋ

‘ಬಿಫೋರ್ ಐ ಫರ್ಗೆಟ್’. 2020. ಸುನೀತಾ ಅಂತ ಒಬ್ಬಳು, ಖಗೋಳ ವಿಜ್ಞಾನಿ, ಮರೆವಿನ ಕಾಯಿಲೆ. ಮನೆಯೆಲ್ಲ ಬಣ್ಣವಿಲ್ಲದೆ ಬೂದಿಯ ಹಾಗೆ. ವಸ್ತು ಮುಟ್ಟಿ ನೆನಪು ಬಂದರೆ ಅಲ್ಲಿಗೆ ಬಣ್ಣ ಬರುತ್ತದೆ. ಬಚ್ಚಲು ಹುಡುಕುತ್ತಾಳೆ, ಬಾಗಿಲು ತೆಗೆದರೆ ಸಾಮಾನಿನ ಕೋಣೆ. ಇನ್ನೊಂದು ಬಾಗಿಲು. ಮತ್ತೆ ಅದೇ ಕೋಣೆ. ಅವಳ ಕೈ ನನ್ನ ಕೈ. ಮೌಸ್ ಒತ್ತುತ್ತಲೇ ಇದ್ದೆ.

ಒಂದು ಗಂಟೆಯದು. ಎಲ್ಲರೂ ಆಡಬೇಕು. ಇನ್ನೊಮ್ಮೆ ನಾನು ಆಡಲಾರೆ.

ಜೂನ್ 30, ಭಾನುವಾರ

ಹೆವನ್ಸ್ ವಾಲ್ಟಿನಲ್ಲಿ ನಾವಿಬ್ಬರೂ ‘ದೇವರು’ ಅಂತ ಇಟ್ಟುಕೊಂಡಿದ್ದ ಪದ ದೇವರಲ್ಲ. ಎರಡು ವಾರ ಅದನ್ನೇ ನಂಬಿದ್ದೆವು. ಅದೇ ಪದ ಇನ್ನಷ್ಟು ಕಡೆ ಸಿಕ್ಕಮೇಲೆ ಅಲಿಯಾಳೇ ಇದು ಹೊಂದುವುದಿಲ್ಲ ಅಂದಳು. ಒಂದೇ ಏಟಿಗೆ ನಾಲ್ಕು ಹಳೆಯ ಸಾಲು ಅಲ್ಲಾಡಿದವು. ಪ್ರಾರ್ಥನೆ ಅಂದುಕೊಂಡಿದ್ದು ಎಚ್ಚರಿಕೆಯೂ ಆಗಿರಬಹುದು. ಆ ತಪ್ಪು ಓದಿನ ಮೇಲೆ ಆಡಿದ ಮಾತು, ಹೋದ ದಾರಿ ಹಾಗೇ ಉಳಿಯುತ್ತವೆ. ಹಿಂದಕ್ಕೆ ಹೋಗಿ ಸರಿಪಡಿಸಲು ಗೇಮ್ ಬಿಡುವುದಿಲ್ಲ.

ನನಗೆ ಅಳು ಬಂದಂತಾಯಿತು. ಅಪ್ಪಾಜಿ ಮಾತ್ರ ತೊಡೆ ತಟ್ಟಿಕೊಂಡು ನಕ್ಕರು. ಆಪರೇಷನ್ ಆದಮೇಲೆ ಅಷ್ಟು ನಕ್ಕಿದ್ದು ಇವತ್ತೇ. “ತಪ್ಪು ಅಂತ ಗೊತ್ತಾಯ್ತಲ್ಲ ಮಗಾ, ಅದು ಸಿಗೋದೇ ಕಷ್ಟ” ಅಂದರು.

ಆಗ ಹೇಳಿಬಿಟ್ಟೆ, ಪುಸ್ತಕದವರ ಫೋನಿನ ವಿಷಯ. ನಗು ನಿಂತಿತು. “ನೀನೇನಂತೀಯ?” ಅಂದರು. ಗೊತ್ತಿಲ್ಲ ಅಂದೆ.

ಜುಲೈ 2. ಮಧ್ಯಾಹ್ನ, ಸೆಂಟರಿನಲ್ಲಿ, ಕರೆಂಟಿಲ್ಲ

ನಿನ್ನೆ ರಾತ್ರಿ ‘ಚಾಂಟ್ಸ್ ಆಫ್ ಸೆನ್ನಾರ್’. ಫ್ರಾನ್ಸಿನ ರನ್‌ಡಿಸ್ಕ್ ತಂಡದ್ದು, 2023. ಒಂದು ಗೋಪುರ, ಅಂತಸ್ತಿಗೊಂದು ಜನ, ಜನಕ್ಕೊಂದು ಭಾಷೆ. ಮೊದಲ ಅಂತಸ್ತಿನವರು ಬಹುವಚನಕ್ಕೆ ಪದವನ್ನು ಎರಡು ಸಲ ಬರೆಯುತ್ತಾರೆ. ನಮ್ಮ ಮನೆಮನೆ, ಊರೂರು ನೆನಪಾಯಿತು. ಚೆಂದದ ಗೇಮ್, ಬಣ್ಣವಂತೂ ಕಣ್ಣಿಗೆ ಹಬ್ಬ. ಆದರೆ ಪುಟದ ಚಿತ್ರಗಳಿಗೆಲ್ಲ ಸರಿಯಾದ ಚಿಹ್ನೆ ಕೂಡಿಸಿದ ಕೂಡಲೇ ಇದು ಸರಿ ಅಂತ ಮುದ್ರೆ ಒತ್ತಿಬಿಡುತ್ತದೆ. ಈಗ ನನಗೆ ಅಷ್ಟು ಬೇಗ ಮುದ್ರೆ ಬೇಡವಾಗಿದೆ.

‘ವೆನ್ಬಾ’ ನೆನಪಾಯಿತು, ಹೋದ ವರ್ಷ ಆಡಿದ್ದು. 1988ರಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಂಗಸು. ಅವಳ ಅಮ್ಮನ ಅಡುಗೆ ಪುಸ್ತಕ ಹರಿದು, ಕಲೆಯಾಗಿ, ಸಾಲುಗಳೇ ಅಳಿಸಿವೆ. ಅಳಿಸಿದ್ದನ್ನು ನಾವು ಊಹಿಸಿ ಇಡ್ಲಿ ಬೇಯಿಸಬೇಕು. ಅದನ್ನು ಆಡಿದಾಗ ಕನ್ನಡದಲ್ಲಿ ಇಂಥದ್ದು ಯಾರಾದರೂ ಮಾಡಲಿ ಅಂತ ತುಂಬಾ ಆಸೆಯಾಗಿತ್ತು. ಈಗಲೂ ಇದೆ. ಒಂದು ವೀರಗಲ್ಲು ಸಾಕಲ್ಲ ಒಂದು ಗೇಮಿಗೆ.

ಜುಲೈ 5. ರಾತ್ರಿ 1.30

ಹೆವನ್ಸ್ ವಾಲ್ಟ್ ಮುಗಿಯಿತು. ಕೊನೆ ಬರೆಯುವುದಿಲ್ಲ, ಯಾರಾದರೂ ಆಡುವವರಿದ್ದರೆ. ಎರಡನೇ ಸಲ ಶುರು ಮಾಡಿದರೆ ಕಲಿತ ಪದಗಳು ಜೊತೆಗೇ ಬರುತ್ತವೆ, ಶಾಸನಗಳು ಉದ್ದವಾಗುತ್ತವೆ. ಅಪ್ಪಾಜಿ “ಶುರು ಮಾಡು” ಅಂದರು. ಪುಸ್ತಕದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಜುಲೈ 7, ಭಾನುವಾರ. ಸಂಜೆ 7

ಆಟೋ ಮಾಡಿಕೊಂಡು ಕೆರೆ ಏರಿಗೆ ಹೋಗಿದ್ದೆವು. ಡಾಕ್ಟರು ಹೊರಗೆ ಓಡಾಡಬಹುದು ಅಂದಿದ್ದಾರೆ. ಜಡಿಮಳೆ ನಿಂತು ಕಲ್ಲು ತೊಳೆದಂತಿತ್ತು. ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿ ಅಂದರು. ಓರೆ ಬೆಳಕಿಗೆ ತಕಾರ ಎದ್ದು ಬಂತು.

ಅವರಿಗೆ ಕಾಣಲಿಲ್ಲ. ನನ್ನ ತೋರುಬೆರಳು ಹಿಡಿದು ಕಲ್ಲಿನ ಮೇಲೆ ಇಟ್ಟರು. “ಮೇಲೆ ಹೋಗು. ನಿಧಾನ. ಈಗ ಕೆಳಗೆ, ಬಲಕ್ಕೆ.” ಕೆಳಗೆ ಬಲಕ್ಕೆ ಬೆರಳಿಗೆ ಏನೋ ತಗ್ಗು ಸಿಕ್ಕಿತು. ಕೊಂಬಿನ ಬಾಲವೋ, ಕಲ್ಲೇ ಹಾಗಿತ್ತೋ. ಮತ್ತೆ ಮೂರು ಸಲ ಸವರಿದೆ. ಮೂರನೇ ಸಲ ಸಿಗಲಿಲ್ಲ.

ಕೆಳಪಟ್ಟಿಕೆ ಈಗಲೂ ಮಣ್ಣಿನಲ್ಲಿ. ಕೆರೆ ನೀರು ಏರಿಯ ಬುಡಕ್ಕೆ ಬಂದಿದೆ, ಅಗೆಯುವ ಮಾತಿಲ್ಲ.

“ಬೇಸಿಗೆಗೆ ಬರೋಣ” ಅಂದರು. ಅವರಿಗೆ ಎಪ್ಪತ್ತೆಂಟು.

ಎಂಟು ಗಂಟೆಯ ಹನಿ ಹಾಕಬೇಕು.